ಚೂರು ನೋಡುವ ದಿನ

"ಗುರುಗಳೇ, ಹತ್ತು ಜನ ಒಂದೆಡೆ ಕೂತು ಕಲಿಯುವುದಕ್ಕೂ ನಾನೂರು ಜನ ಫೋನಿನಲ್ಲಿ ಕಲಿಯುವುದಕ್ಕೂ ಏನು ವ್ಯತ್ಯಾಸ? ಎರಡೂ ಜೊತೆಗೂಡಿ ಕಲಿಯುವುದೇ ಅಲ್ಲವೇ?"

ಕೇಳಿದವನು ಚನ್ನಮಲ್ಲ. ಮಠದಲ್ಲಿ ಭಾನುವಾರ ಬೆಳಗ್ಗೆ ನಡೆಯುವ ಓದಿನ ಕೂಟವನ್ನು ನೋಡಿಕೊಳ್ಳುವ ಶಿಷ್ಯ. ಕೂಟವೆಂದರೆ ದೊಡ್ಡದೇನಲ್ಲ. ಸುತ್ತಲಿನ ಹತ್ತು ಹನ್ನೆರಡು ಮಂದಿ ಬಂದು ಹಳೆಯ ಕಾವ್ಯವೊಂದನ್ನು ಸರದಿಯಂತೆ ಗಟ್ಟಿಯಾಗಿ ಓದುತ್ತಾರೆ, ಎಡವುತ್ತಾರೆ, ಪಕ್ಕದವರು ತಡೆದು ತಿದ್ದುತ್ತಾರೆ. ಎರಡು ಗಂಟೆಯಲ್ಲಿ ಮೂರು ಪದ್ಯ ಮುಗಿದರೆ ಹೆಚ್ಚು. ಚನ್ನಮಲ್ಲ ಆರು ತಿಂಗಳ ಹಿಂದೆ ಫೋನಿನಲ್ಲಿ ಒಂದು ಗ್ರೂಪು ಮಾಡಿದ್ದ. ದಿನಕ್ಕೊಂದು ಪದ್ಯ, ಕೆಳಗೆ ಅದರ ಅರ್ಥ. ಈಗ ಅದರಲ್ಲಿ ನಾನೂರ ಹನ್ನೆರಡು ಜನರಿದ್ದರು. ಇನ್ನು ಭಾನುವಾರದ ಕೂಟವನ್ನು ನಿಲ್ಲಿಸಿಬಿಡೋಣ ಎಂಬುದು ಅವನ ಪ್ರಶ್ನೆಯ ಹಿಂದಿದ್ದ ಮಾತು.

ಗುರುಗಳಿಗೆ ರೇಗಿತು. ಇದೇ ಪ್ರಶ್ನೆಯನ್ನು ಅವನು ಹೋದ ತಿಂಗಳು ಕೇಳಿದ್ದ, ಅದರ ಹಿಂದಿನ ತಿಂಗಳೂ ಕೇಳಿದ್ದ. ಎರಡು ಸಲವೂ ಅವರು ಸಮಾಧಾನದಿಂದ ವಿವರಿಸಿದ್ದರು. ಎರಡು ಸಲವೂ ಅವನು ತಲೆಯಾಡಿಸಿ, ಅವರು ಹೇಳಿದ್ದನ್ನೇ ನಾಲ್ಕು ಸಾಲು ಮಾಡಿ ಗ್ರೂಪಿಗೆ ಹಾಕಿದ್ದ. ಅದಕ್ಕೆ ನೂರಾರು ಕೈಮುಗಿದ ಚಿತ್ರಗಳು ಬಂದಿದ್ದವು ಎಂದು ಅವರಿಗೇ ತಂದು ತೋರಿಸಿದ್ದ. ವಿವರಣೆಯಿಂದ ಆಗದ್ದು ಇನ್ನೊಂದು ವಿವರಣೆಯಿಂದ ಆಗುವುದಿಲ್ಲ ಎಂದು ಗುರುಗಳಿಗೆ ಗೊತ್ತಾಗಿತ್ತು.

"ಕೂತ್ಕೋ," ಎಂದರು. "ಫೋನನ್ನು ಆ ಕಿಟಕಿಯಲ್ಲಿಡು. ಹಾಗಲ್ಲ, ಮಗುಚಿ ಇಡು."

ಅವನು ಇಟ್ಟು ಬಂದು ಕೂತ. ಆಮೇಲೆ ಅವರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಹನ್ನೊಂದು ಮನೆ ಕುಂಬಾರರಿದ್ದರು. ಗಡಿಗೆ ತಿರುಗಿಸುವ ತಿಗರಿ ಮನೆಗೊಂದು, ಸುಡುವ ಆವಿಗೆ ಊರಿಗೆಲ್ಲ ಒಂದೇ. ಹನ್ನೊಂದು ಮನೆಯ ಹಸಿ ಗಡಿಗೆಗಳನ್ನೂ ಒಟ್ಟಿಗೆ ಪೇರಿಸಿ, ಒಂದೇ ಬೆಂಕಿಯಲ್ಲಿ ಸುಡುತ್ತಿದ್ದರು. ಬೆಂಕಿ ಆರಿದ ಮೂರನೆಯ ದಿನ ಬೆಳಗ್ಗೆ ಆವಿಗೆ ತೆಗೆಯುವುದು. ಆ ದಿನಕ್ಕೆ ಅವರು ಚೂರು ನೋಡುವ ದಿನ ಎಂದು ಹೆಸರಿಟ್ಟಿದ್ದರು.

ಅಂದು ಚೆನ್ನಾಗಿ ಬೆಂದ ಗಡಿಗೆಗಳ ಕಡೆ ಯಾರೂ ತಿರುಗಿ ನೋಡುವಂತಿರಲಿಲ್ಲ. ಅವನ್ನು ಒಂದು ಬದಿಗೆ ಸರಿಸಿ ಇಡುತ್ತಿದ್ದರು. ಬಿರುಕು ಬಿಟ್ಟದ್ದು, ಸೊಟ್ಟಗಾದದ್ದು, ಹಿಂದಿನ ಆವಿಗೆಯಲ್ಲಿ ಸುಟ್ಟು ಮಾರಿದ್ದು ಒಡೆದು ವಾಪಸು ಬಂದದ್ದು, ಇವಿಷ್ಟನ್ನೂ ನಡುವೆ ತಂದಿಡಬೇಕು. ಯಾರ ಗಡಿಗೆಯೋ ಅವರೇ ಕಲ್ಲು ತೆಗೆದುಕೊಂಡು ಅದನ್ನು ಒಡೆಯಬೇಕು. ಚೂರುಗಳು ಕೈಯಿಂದ ಕೈಗೆ ಹೋಗುತ್ತವೆ. ಪ್ರತಿಯೊಬ್ಬರೂ ಬಿರುಕಿನ ಮೇಲೆ ಬೆರಳಿಟ್ಟು ಒಂದು ಮಾತು ಹೇಳಲೇಬೇಕು. ಮಣ್ಣು ತುಳಿದದ್ದು ಸಾಲದು ಎನ್ನುವರು ಒಬ್ಬರು. ನೆರಳಲ್ಲಿ ಒಣಗಿಸುವುದು ಬಿಟ್ಟು ಬಿಸಿಲಿಗೆ ಯಾಕಿಟ್ಟೆ ಎನ್ನುವರು ಇನ್ನೊಬ್ಬರು. ಗೊತ್ತಾಗಲಿಲ್ಲ ಎಂದರೂ ನಡೆಯುತ್ತಿತ್ತು, ಸುಮ್ಮನಿದ್ದರೆ ನಡೆಯುತ್ತಿರಲಿಲ್ಲ. ಎಲ್ಲರ ಚೂರೂ ಮುಗಿಯುವವರೆಗೆ ಯಾರೂ ಮನೆಗೆ ಹೋಗುತ್ತಿರಲಿಲ್ಲ.

ಅದೇನು ಸುಖದ ದಿನವಾಗಿರಲಿಲ್ಲ. ಮುಖ ಕೆಂಪಾಗುತ್ತಿತ್ತು. ಒಬ್ಬ ಕುಂಬಾರ ತನ್ನ ಭಾವಮೈದುನನ ಜೊತೆ ಒಂದು ಇಡೀ ಬೇಸಿಗೆ ಮಾತು ಬಿಟ್ಟಿದ್ದ. ಆದರೂ ಮುಂದಿನ ಆವಿಗೆಯ ದಿನ ಇಬ್ಬರೂ ಎದುರುಬದುರು ಕೂತು, ಒಬ್ಬರ ಚೂರನ್ನು ಇನ್ನೊಬ್ಬರು ಕೈಗೆ ತೆಗೆದುಕೊಂಡು, ಗಾಳಿಗೆ ಹೇಳುವವರ ಹಾಗೆ ಅದರ ತಪ್ಪು ಹೇಳಿದ್ದರು. ಆ ಊರಿಗೆ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಎರಡು ವರ್ಷ ಆ ಗುಂಪಿನ ಅಂಚಿನಲ್ಲಿ ಕೂತರೆ ಸಾಕು, ಮೂರನೆಯ ವರ್ಷ ಯಾವ ಗಡಿಗೆ ಬೆಂಕಿಗೆ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ತಟ್ಟಿ ನೋಡಿ ಹೇಳುತ್ತಿದ್ದರು. ಅವರಿಗೆ ಯಾರೂ ಪಾಠವೆಂದು ಮಾಡಿದ್ದಿಲ್ಲ.

ಈ ಹನ್ನೊಂದು ಮನೆಯವರಲ್ಲಿ ಒಬ್ಬ ಕುಂಬಾರನಿಗೆ ಚೂರು ನೋಡುವ ದಿನವೆಂದರೆ ಆಗುತ್ತಿರಲಿಲ್ಲ. ಅವನು ಒಳ್ಳೆಯ ಕೆಲಸಗಾರ. ಹದಿನಾರು ವರ್ಷದಿಂದ ತಿಗರಿ ತಿರುಗಿಸಿದವನು. ಅವನ ನೀರಿನ ಗಡಿಗೆಗಳಿಗೆ ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ಅಷ್ಟು ಹೆಸರಿದ್ದೂ ಹದಿನೈದು ದಿನಕ್ಕೊಮ್ಮೆ ಎಲ್ಲರೆದುರು ಕೂತು ಬೈಸಿಕೊಳ್ಳಬೇಕಲ್ಲ ಎಂದು ಅವನಿಗೆ ಸಂಕಟ.

ಒಮ್ಮೆ ಗಡಿಗೆ ಕೊಳ್ಳಲು ಬಂದ ಒಬ್ಬ ವ್ಯಾಪಾರಿ ಇದನ್ನು ನೋಡಿದ. ನೋಡಿ ನಕ್ಕ.

"ಒಡೆದದ್ದನ್ನು ಊರ ನಡುವೆ ಹರವಿಕೊಂಡು ಕೂತಿದ್ದೀರಲ್ಲ, ನಿಮಗೇನು ತಲೆ ಕೆಟ್ಟಿದೆಯೇ?" ಎಂದ. "ದಾರಿಯ ಪಕ್ಕ ಒಂದು ಜಗಲಿ ಕಟ್ಟಿ. ಚೆನ್ನಾಗಿರುವುದನ್ನು ಅಲ್ಲಿಡಿ. ಮೆಚ್ಚಿದವರು ಒಂದು ಹೂವಿಟ್ಟು ಹೋಗುತ್ತಾರೆ. ಬೇರೆ ಊರಿನ ಕುಂಬಾರರೂ ತಂದಿಡಲಿ. ಒಬ್ಬರದನ್ನು ಒಬ್ಬರು ನೋಡಿ ಕಲಿಯಿರಿ."

ಮಾತು ಚೆನ್ನಾಗಿತ್ತು. ಚೂರಿನ ದಿನವೆಂದರೆ ಆಗದ ಆ ಕುಂಬಾರನೇ ಮುಂದೆ ನಿಂತು ಜಗಲಿ ಕಟ್ಟಿಸಿದ. ಗಡಿಗೆ ಎಂಟು ದಿನ ಜಗಲಿಯ ಮೇಲಿರಬೇಕು, ಆಮೇಲೆ ಮಾರಾಟಕ್ಕೆ ಹೋಗಬೇಕು, ಅದರ ಜಾಗಕ್ಕೆ ಹೊಸದು ಬರಬೇಕು ಎಂದು ನಿಯಮವಾಯಿತು.

ಮೊದಲ ದಿನ ಮೂರು ಹೂ ಬಿದ್ದವು. ತಿಂಗಳು ಕಳೆಯುವಷ್ಟರಲ್ಲಿ ಬುಟ್ಟಿಯಲ್ಲಿ ಬಾಚಿ ತೆಗೆಯುವಷ್ಟಾಯಿತು. ನದಿಯಾಚೆಯ ಊರಿನವರೂ ಗಡಿಗೆ ತಂದಿಟ್ಟರು. ನಮ್ಮ ಅಪ್ಪಂದಿರು ಬದುಕೆಲ್ಲ ಹನ್ನೊಂದು ಮನೆಯ ಕೆಲಸ ನೋಡಿದರು, ನಾವು ಒಂದು ಬೆಳಗ್ಗೆ ನೂರು ಗಡಿಗೆ ನೋಡುತ್ತೇವೆ ಎಂದು ಕುಂಬಾರರು ಹೇಳಿಕೊಂಡರು. ಅದು ಸುಳ್ಳೂ ಅಲ್ಲ. ನದಿಯಾಚೆಯ ಗಡಿಗೆಯೊಂದನ್ನು ನೋಡಿಯೇ ನಮ್ಮ ಕುಂಬಾರ ಕತ್ತನ್ನು ಸಣ್ಣಗೆ ಎಳೆಯುವ ಒಂದು ರೀತಿಯನ್ನು ಹಿಡಿದುಕೊಂಡ. ಆದರೆ ಆ ಕತ್ತು ನಿಲ್ಲುವ ಮೊದಲು ಅಲ್ಲಿಯ ಕುಂಬಾರನ ಕೈಯಲ್ಲಿ ಎಷ್ಟು ಕತ್ತು ಕುಸಿದಿತ್ತೋ ಅದನ್ನು ಗಡಿಗೆ ಹೇಳಲಿಲ್ಲ. ಇವನ ಮನೆಯಲ್ಲಿ ಇಪ್ಪತ್ತು ಕುಸಿದವು. ಇವನೂ ಯಾರಿಗೂ ಹೇಳಲಿಲ್ಲ. ಇಪ್ಪತ್ತೊಂದನೆಯದನ್ನು ಜಗಲಿಯ ಮೇಲಿಟ್ಟ.

ಚೂರು ನೋಡುವ ದಿನವನ್ನು ಯಾರೂ ನಿಲ್ಲಿಸಿ ಎನ್ನಲಿಲ್ಲ. ಮೊದಲು ಒಬ್ಬನಿಗೆ ಅಂದು ಬೇರೆ ಕೆಲಸ ಬಂತು. ಆಮೇಲೆ ಇಬ್ಬರಿಗೆ. ಆಮೇಲೆ ಬಂದವರೂ ಒಡೆದದ್ದನ್ನು ತರಲಿಲ್ಲ. ಆವಿಗೆಯಿಂದ ತಂತಮ್ಮ ಪಾಲನ್ನು ತೆಗೆದುಕೊಂಡು, ಕೆಟ್ಟದ್ದನ್ನು ಗೋಣಿಯಲ್ಲಿ ಮುಚ್ಚಿ ಮನೆಯ ಹಿಂದಿನ ಗುಂಡಿಗೆ ಹಾಕತೊಡಗಿದರು. ಕೊಂಡವರು ಒಡೆದ ಗಡಿಗೆ ವಾಪಸು ತಂದರೆ ಬಾಗಿಲಲ್ಲಿ ನಿಲ್ಲಿಸದೆ ಒಳಗೆ ಕರೆದು, ಬೇರೊಂದು ಕೊಟ್ಟು, ಯಾರಿಗೂ ಹೇಳಬೇಡಿ ಎಂದು ಕಳಿಸುತ್ತಿದ್ದರು.

ಇಲ್ಲಿ ಗುರುಗಳು ನಿಲ್ಲಿಸಿ ಚನ್ನಮಲ್ಲನನ್ನು ನೋಡಿದರು. ಅವನ ಕಣ್ಣು ಕಿಟಕಿಯ ಕಡೆ ಹೋಗಿತ್ತು. ಫೋನು ಮಗುಚಿಕೊಂಡೇ ಎರಡು ಸಲ ಗುಂಯ್ ಎಂದಿತ್ತು. ಗುರುಗಳು ಒಮ್ಮೆ ಕಣ್ಣು ಮುಚ್ಚಿ ತೆರೆದರು. ಇವನಿಗೆ ಸಿಟ್ಟಿನಿಂದ ಹೇಳಿದರೆ ಆ ಸಿಟ್ಟನ್ನೂ ನಾಲ್ಕು ಸಾಲು ಮಾಡಿ ಹಾಕುತ್ತಾನೆ ಎನಿಸಿ, ದನಿ ಏರಿಸದೆ ಮುಂದುವರಿಸಿದರು.

ಮರುವರ್ಷ ಊರಿನ ಮಣ್ಣಿನ ಗುಂಡಿ ಬರಿದಾಯಿತು. ಕೆರೆಯ ಇನ್ನೊಂದು ಮಗ್ಗುಲಲ್ಲಿ ಹೊಸ ಗುಂಡಿ ತೆಗೆದರು. ಮಣ್ಣು ನುಣ್ಣಗಿತ್ತು. ತಿಗರಿಯ ಮೇಲೆ ಹೇಳಿದ ಹಾಗೆ ಏಳುತ್ತಿತ್ತು. ಗಡಿಗೆಗಳು ಆವಿಗೆಯಿಂದ ಚೊಕ್ಕವಾಗಿ ಬಂದವು. ತಟ್ಟಿದರೆ ಕಣಕಣ ಎಂದವು. ಜಗಲಿಯ ಮೇಲೆ ಸಾಲಾಗಿ ನಿಂತವು. ಹೂ ಬಿದ್ದವು.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಕುಂಬಾರನ ಮನೆಯಲ್ಲಿಟ್ಟಿದ್ದ ಗಡಿಗೆಯೊಂದರ ಹೊಟ್ಟೆಯಿಂದ ಬಿಲ್ಲೆಯಷ್ಟು ಚಕ್ಕೆ ತಾನಾಗಿ ಎದ್ದು ಬಿತ್ತು. ಮರುದಿನ ಇನ್ನೊಂದು. ನೀರು ತುಂಬಿದ ಗಡಿಗೆಗಳು ಜಿನುಗಿದವು, ಕೆಲವು ಸೀಳಿಯೇ ಹೋದವು. ಹತ್ತು ಮಾಡಿದರೆ ನಾಲ್ಕು ಹೀಗಾಗುತ್ತಿದ್ದವು.

ಅವನು ಜಗಲಿಗೆ ಹೋಗಿ ನೋಡಿದ. ಉಳಿದ ಹತ್ತು ಮನೆಯ ಗಡಿಗೆಗಳೂ ನೆಟ್ಟಗೆ ನಿಂತಿದ್ದವು. ಎಂಟು ದಿನಕ್ಕೇ ಅವು ಜಗಲಿಯಿಂದ ಹೋಗುತ್ತಿದ್ದುದರಿಂದ ಅಲ್ಲಿ ಯಾವುದೂ ಎಂದೂ ಒಡೆದಿರಲಿಲ್ಲ. ಅವನಿಗೆ ಅಷ್ಟು ಯೋಚನೆ ಹೋಗಲಿಲ್ಲ. ಎಲ್ಲರದೂ ಸರಿಯಾಗಿದೆ, ನನ್ನದೊಂದೇ ಕೆಡುತ್ತಿದೆ ಎಂದು ತೀರ್ಮಾನಿಸಿದ.

ಮಣ್ಣನ್ನು ಇನ್ನೂ ಒಂದು ದಿನ ಹೆಚ್ಚು ತುಳಿದ. ನೆರಳಲ್ಲಿ ಎರಡರಷ್ಟು ದಿನ ಒಣಗಿಸಿದ. ತಟ್ಟುವ ಹಲಗೆಯನ್ನು ಬದಲಿಸಿದ. ಗಡಿಗೆಗಳು ಒಡೆಯುತ್ತಲೇ ಇದ್ದವು. ಕೊನೆಗೆ ಮಣ್ಣನ್ನೂ ಬೆಂಕಿಯನ್ನೂ ಬಿಟ್ಟು ತನ್ನ ಕೈಯನ್ನೇ ಅನುಮಾನಿಸತೊಡಗಿದ.

ಒಂದು ಬೆಳಗ್ಗೆ ಜಗಲಿಯ ಬಳಿ ಪಕ್ಕದ ಮನೆಯ ಕುಂಬಾರ ಸಿಕ್ಕಿದ.

"ಹೆಂಗೈತಪ್ಪ ಕೆಲಸ?" ಎಂದ ಅವನು.

"ಚೆನ್ನಾಗೈತೆ. ನಿಂದು?"

"ನಂದೂ ಚೆನ್ನಾಗೈತೆ."

ಇಬ್ಬರೂ ತಂತಮ್ಮ ಹೂ ಎಣಿಸಿಕೊಂಡು ಮನೆಗೆ ಹೋದರು. ಇಬ್ಬರ ಮನೆಯ ಹಿಂದೆಯೂ ಗುಂಡಿ ತುಂಬಿ ಚೂರು ಮೇಲೆ ಬಂದಿತ್ತು. ಇಬ್ಬರಿಗೂ ನಡುವೆ ಇದ್ದದ್ದು ಒಂದು ಮೋಟುಗೋಡೆ. ಒಬ್ಬ ಕತ್ತು ಉದ್ದ ಮಾಡಿದ್ದರೆ ಸಾಕಿತ್ತು, ಇನ್ನೊಬ್ಬನ ಗುಂಡಿ ಕಾಣುತ್ತಿತ್ತು. ಎಂಟು ತಿಂಗಳು ಇಬ್ಬರೂ ಕತ್ತು ಉದ್ದ ಮಾಡಲಿಲ್ಲ. ಇದನ್ನು ಹೇಳುವಾಗ ಗುರುಗಳು ತಮ್ಮ ತೊಡೆಯನ್ನು ತಾವೇ ಒಮ್ಮೆ ಬಡಿದುಕೊಂಡರು.

ಎಂಟು ತಿಂಗಳಾದ ಮೇಲೆ ಕುಂಬಾರ ಕೆಲಸ ಬಿಡುವುದೆಂದು ನಿಶ್ಚಯಿಸಿದ. ಮುಂದಿನ ಆವಿಗೆ ತೆಗೆದ ಮೇಲೆ ಬರುವ ಸೋಮವಾರ ತಿಗರಿಯನ್ನು ಕೀಳುವುದು, ವ್ಯಾಪಾರಿಯ ಬಳಿ ಗಾಡಿಗೆ ಮೂಟೆ ಹೇರುವ ಕೆಲಸಕ್ಕೆ ಸೇರುವುದು. ಹೆಂಡತಿ ಅತ್ತಳು. ಹದಿನಾರು ವರ್ಷ ಕೆಡದ ಕೈ ಈಗ ಹೇಗೆ ಕೆಡುತ್ತದೆ ಎಂದು ಕೇಳಿದಳು. ಕೆಟ್ಟಿದೆ ಎಂದಷ್ಟೇ ಹೇಳಿದ. ಕೊನೆಯದೆಂದು ಒಂದು ಗಡಿಗೆ ಮಾಡಿ, ಸುಟ್ಟು, ಜಗಲಿಯ ಮೇಲಿಟ್ಟ. ಅದಕ್ಕೆ ಎಂದೂ ಬೀಳದಷ್ಟು ಹೂ ಬಿದ್ದವು. ಅವನು ಆ ಹೂಗಳ ಮುಂದೆ ನಿಂತು ನೋಡಿದ. ಇಷ್ಟು ಜನ ಬಂದು ನೋಡಿ ಹೋದರಲ್ಲ, ಇವರಲ್ಲಿ ಒಬ್ಬರಿಗೂ ಇದು ಇನ್ನು ನಾಲ್ಕು ದಿನಕ್ಕೆ ಒಡೆಯುತ್ತದೆ ಎಂದು ತಿಳಿಯಲಿಲ್ಲವಲ್ಲ ಎಂದು ಅವನಿಗೆ ತಡೆಯಲಾರದ ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಆ ಸೋಮವಾರಕ್ಕೆ ಇನ್ನೆರಡು ದಿನವಿರುವಾಗ, ಶನಿವಾರ, ಒಬ್ಬ ರೈತ ಗಾಡಿ ಹೊಡೆದುಕೊಂಡು ಬಂದ. ಜಗಲಿಯ ಮುಂದೆ ನಿಲ್ಲಿಸಿ, ಗೋಣಿಯೊಂದನ್ನು ಎತ್ತಿ, ಹೂವಿನ ಮೇಲೆಯೇ ಸುರಿದ. ಬರೀ ಚೂರು.

"ಏಳು ಮನೇಲಿ ಏಳು ಗಡಿಗೆ ತಗೊಂಡಿದ್ದೆ," ಎಂದು ಕೂಗಿದ. "ಕೊಯ್ಲಿನ ಆಳುಗಳಿಗೆ ನೀರಿಡಾಣ ಅಂತ. ಏಳೂ ಒಡೆದವು! ನಡುಮಧ್ಯಾಹ್ನ ಹೊಲದಾಗೆ ಒಂದು ಗುಟುಕು ನೀರಿಲ್ದೆ ಆಳುಗಳು ಎದ್ದು ಹೋದ್ರು. ಇಟ್ಕೊಳ್ಳಿ, ಇದಕ್ಕೂ ಹೂ ಇಟ್ಕೊಳ್ಳಿ!"

ಗಾಡಿ ತಿರುಗಿಸಿಕೊಂಡು ಹೊರಟುಹೋದ.

ಕೂಗು ಕೇಳಿ ಹನ್ನೊಂದು ಮನೆಯವರೂ ಓಡಿಬಂದರು. ಗಡಿಗೆಯ ಕತ್ತಿನಲ್ಲಿ ಉಳಿದ ಬೆರಳಿನ ಗುರುತು ನೋಡಿದರೆ ಸಾಕು, ಯಾರ ಕೆಲಸವೆಂದು ಕುಂಬಾರರಿಗೆ ತಿಳಿಯುತ್ತದೆ. ಏಳು ಮಂದಿ ಏಳು ಕಡೆಯಿಂದ ಕೈ ಚಾಚಿದರು. ತಮ್ಮ ಚೂರನ್ನು ಎತ್ತಿ ಮಡಿಲಿಗೆ ಸೇರಿಸಿಕೊಂಡು ಹೋಗುವ ಆತುರ ಅವರದು. ನಮ್ಮ ಕುಂಬಾರನೂ ತನ್ನದನ್ನು ಹುಡುಕಿ ಎತ್ತಿದ. ಅವನಿಗೆ ಮುಚ್ಚಿಡುವುದೇನೂ ಉಳಿದಿರಲಿಲ್ಲ. ಸೋಮವಾರದಿಂದ ಅವನು ಕುಂಬಾರನೇ ಅಲ್ಲ.

"ಇದು ನಂದು," ಎಂದ ಗಟ್ಟಿಯಾಗಿ. "ನಮ್ಮನೆ ಹಿಂದೆ ಇಂಥವು ಇನ್ನೂರವೆ. ನನ್ನ ಕೈ ಕೆಟ್ಟೈತೆ. ಸೋಮವಾರ ತಿಗರಿ ಕೀಳ್ತೀನಿ."

ಆಮೇಲೆ ಪಕ್ಕದ ಮನೆಯವನು ಮಡಿಲಿನಿಂದ ಚೂರನ್ನು ಹೊರಗೆ ತೆಗೆದು ನೆಲದ ಮೇಲಿಟ್ಟ. ನಮ್ಮನೆಯಲ್ಲೂ ಅಷ್ಟೇ ಇವೆ ಎಂದ. ಇನ್ನೊಬ್ಬ ಇಟ್ಟ. ಏಳೂ ಮಂದಿ ಇಟ್ಟರು. ಉಳಿದ ನಾಲ್ವರು ಮನೆಗೆ ಓಡಿ ತಮ್ಮ ತಮ್ಮ ಗುಂಡಿಯಿಂದ ಬಾಚಿ ತಂದರು.

ಅಲ್ಲಿ ಕೂಡಿದವರಲ್ಲಿ ಒಬ್ಬ ಮುದುಕಿಯಿದ್ದಳು. ಆ ಊರಿಗೆ ಸೊಸೆಯಾಗಿ ಬಂದು ಐವತ್ತು ವರ್ಷವಾಗಿತ್ತು. ಜಗಲಿ ಬಂದ ಮೇಲೆ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅವಳು ನೆಲದ ಮೇಲೆ ಕೂತು ಹನ್ನೊಂದು ಮನೆಯ ಚೂರುಗಳನ್ನು ಒಂದರ ಪಕ್ಕ ಒಂದು ಜೋಡಿಸಿದಳು. ಪ್ರತಿಯೊಂದರ ಒಡಕಿನಲ್ಲೂ ಸಾಸಿವೆಯಷ್ಟು ಒಂದು ಬಿಳಿ ಚುಕ್ಕೆಯಿತ್ತು. ಉಗುರಿನಿಂದ ಕೆದಕಿ ನಾಲಿಗೆಗೆ ಮುಟ್ಟಿಸಿ ಉಗಿದಳು.

"ಸುಣ್ಣ ಕಣ್ರೋ," ಎಂದಳು. "ಹೊಸ ಗುಂಡಿ ಮಣ್ಣಲ್ಲಿ ಸುಣ್ಣದ ಹರಳೈತೆ. ಬೆಂಕೀಲಿ ಸುಡ್ತದೆ, ಆಮೇಲೆ ನೀರು ಕುಡಿದು ಉಬ್ಬತದೆ, ಚಕ್ಕೆ ಎಬ್ಬಿಸ್ತದೆ. ಸಣ್ಣ ಜರಡೀಲಿ ಸೋಸಿ. ಅಷ್ಟೇಯ. ಇದಕ್ಕೆ ಎಂಟು ತಿಂಗಳು ಸತ್ತರಾ?"

ಅವಳಿಗೆ ಹಿಡಿದ ಹೊತ್ತು ಒಂದು ಎಲೆಅಡಿಕೆ ಅಗಿಯುವಷ್ಟು.

ಕುಂಬಾರ ತನ್ನ ಚೂರನ್ನು ನೋಡುತ್ತಾ ಕೂತ. ಆ ಬಿಳಿ ಚುಕ್ಕೆಯನ್ನು ಅವನು ಮೊದಲೂ ಕಂಡಿದ್ದ. ಎಷ್ಟೋ ಸಲ ಕಂಡಿದ್ದ. ಬೂದಿ ಮೆತ್ತಿದೆ ಎಂದುಕೊಂಡು ಒರೆಸಿ ಎಸೆದಿದ್ದ. ಇನ್ನೊಬ್ಬನ ಚೂರಿನಲ್ಲಿ ಅದೇ ಚುಕ್ಕೆ ಕಾಣುವ ತನಕ ಅದು ತನ್ನ ಮನೆಯ ಬೂದಿಯೇ ಆಗಿತ್ತು. ಅವನಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಕೈ ಕೆಟ್ಟಿರಲಿಲ್ಲ ಎಂದು ತಿಳಿದಾಗ, ಕೆಟ್ಟಿದೆ ಎಂದು ನಂಬಿ ಕಳೆದ ಎಂಟು ತಿಂಗಳು ಒಟ್ಟಿಗೆ ಎದುರು ಬಂದು ನಿಂತವು. ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಪಕ್ಕದ ಮನೆಯವನು ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಸೋಮವಾರ ತಿಗರಿ ಕೀಳಲಿಲ್ಲ. ಜರಡಿ ತರಲು ಇಬ್ಬರೂ ಜೊತೆಯಾಗಿ ಹೋದರು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಜಗಲಿಯನ್ನು ಒಡೆದುಹಾಕಿದರೇ, ಗುರುಗಳೇ?" ಎಂದು ಚನ್ನಮಲ್ಲ ಕೇಳಿದ.

"ಯಾಕೆ ಒಡೆಯುತ್ತಾರೆ?" ಗುರುಗಳಿಗೆ ತಡೆದುಕೊಳ್ಳಲಾಗಲಿಲ್ಲ. "ಜಗಲಿ ಏನು ತಪ್ಪು ಮಾಡಿತ್ತು? ಈಗಲೂ ಇದೆ. ಗಡಿಗೆ ಇಡುತ್ತಾರೆ, ಹೂ ಬೀಳುತ್ತದೆ, ಮಾರಾಟವಾಗುತ್ತದೆ. ಆವಿಗೆ ತೆಗೆದ ದಿನ ಮಾತ್ರ ಯಾರೂ ಅತ್ತ ಹೋಗುವುದಿಲ್ಲ. ಎಲ್ಲರೂ ಚೂರಿನ ಮುಂದೆ ಕೂತಿರುತ್ತಾರೆ."

ಶಿಷ್ಯನ ಮುಖ ಅರಳಿತು. ಅವನಿಗೆ ಒಂದು ದಾರಿ ಕಂಡಿತ್ತು. "ಅದನ್ನೇ ನಾನೂ ಹೇಳುವುದು. ನಮ್ಮ ಗ್ರೂಪಿನಲ್ಲಿರುವವರೆಲ್ಲ ಕಲಿಯಬೇಕೆಂದೇ ಬಂದವರು. ಒಡೆದದ್ದನ್ನು ಅಲ್ಲೂ ಇಡಬಹುದಲ್ಲ? ಬೇಡ ಎಂದು ಯಾರೂ ತಡೆದಿಲ್ಲ."

"ಇಡಬಹುದು, ಯಾರೂ ತಡೆದಿಲ್ಲ," ಎಂದರು ಗುರುಗಳು. ಎದ್ದು ಕಿಟಕಿಯ ಬಳಿ ಹೋಗಿ, ಫೋನನ್ನು ತೆಗೆದು ತಂದು ಅವನ ಕೈಯಲ್ಲಿಟ್ಟರು.

"ಈ ಆರು ತಿಂಗಳಲ್ಲಿ ನಿನಗೆ ಅರ್ಥವಾಗದ ಪದ್ಯವೊಂದನ್ನು ಇದರಲ್ಲಿ ಇಟ್ಟಿದ್ದರೆ, ತೆಗೆದು ತೋರಿಸು."